ಹೆಗಲೇರುವ ಸೈಕಲ್: ಯಾರ್ಕ್‌ಷೈರಿನ ಮೂರು ಬೆಟ್ಟಗಳ ಸುತ್ತ

ಇಂಗ್ಲೆಂಡಿನ ಉತ್ತರಕ್ಕಿರುವ ಯಾರ್ಕ್‌ಷೈರ್ ಡೇಲ್ಸ್ ಪ್ರದೇಶದಲ್ಲಿ, ರಿಬ್ಬಲ್ ನದಿಯ ಮೇಲ್ಕಣಿವೆಯ ಸುತ್ತ ನಿಂತಿರುವ ಇಂಗಲ್‌ಬರೋ (723 ಮೀಟರ್), ವರ್ನ್‌ಸೈಡ್ (736 ಮೀಟರ್) ಮತ್ತು ಪೆನ್-ಇ-ಗೆಂಟ್ (694 ಮೀಟರ್) ಬೆಟ್ಟಗಳು ಎತ್ತರದಲ್ಲಿ ಸಹ್ಯಾದ್ರಿಯ ಶಿಖರಗಳ ಮುಂದೆ ಗಿಡ್ಡವೇ ಆದರೂ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಒಂದು ಭಾನುವಾರ ಅಲ್ಲಿ ನಡೆಯುವ ‘ತ್ರೀ ಪೀಕ್ಸ್ ಸೈಕ್ಲೋಕ್ರಾಸ್’ ಸ್ಪರ್ಧೆಯನ್ನು ಬ್ರಿಟನ್ನಿನ ಸೈಕಲ್ ಸವಾರರು ತಮ್ಮ ನಾಡಿನ ಅತ್ಯಂತ ಕಠಿಣ ಪಂದ್ಯಗಳ ಸಾಲಿಗೆ ಸೇರಿಸುತ್ತಾರೆ. ಸುಮಾರು 61 ಕಿಲೋಮೀಟರ್ ಉದ್ದದ, ಒಟ್ಟು 1,500 ಮೀಟರಿನಷ್ಟು ಏರಿರುವ ಈ ದಾರಿಯಲ್ಲಿ ಹಲವು ಕಿಲೋಮೀಟರ್‌ಗಳ ಭಾಗ ಸವಾರಿಗೆ ಒಗ್ಗುವುದೇ ಇಲ್ಲ; ಅಲ್ಲಿ ಸವಾರ ಸೈಕಲ್ಲನ್ನು ಹೊರಬೇಕು. 1959ರಲ್ಲಿ ಸ್ಕಿಪ್ಟನ್ ಊರಿನ 14 ವರ್ಷದ ಶಾಲಾ ಹುಡುಗನೊಬ್ಬ ಮೂರೂ ಬೆಟ್ಟಗಳನ್ನು ಸೈಕಲ್ ಸಮೇತ ದಾಟಿದ್ದು ಈ ಸ್ಪರ್ಧೆಗೆ ಪ್ರೇರಣೆಯಾಯಿತು. 1961ರಲ್ಲಿ ನಡೆದ ಮೊದಲ ಸ್ಪರ್ಧೆಯನ್ನು ಗೆದ್ದ ಬ್ರಾಡ್‌ಫರ್ಡಿನ ಜಾನ್ ರಾನ್ಸ್ಲಿ, ಮುಂದೆ ಹಲವು ದಶಕಗಳ ಕಾಲ ಅದರ ಸಂಘಟಕರಾಗಿದ್ದುಕೊಂಡೇ ಸವಾರರಾಗಿಯೂ ಭಾಗವಹಿಸಿದರು.

ಸೈಕ್ಲೋಕ್ರಾಸ್ ಎಂದರೆ ರಸ್ತೆಯ ಸೈಕಲ್ಲಿನಂತೆಯೇ ಬಾಗಿದ ಹ್ಯಾಂಡಲ್ ಇರುವ, ಆದರೆ ಗುಬುಟು ಟೈರುಗಳುಳ್ಳ ಹಗುರ ಸೈಕಲ್ಲಿನಲ್ಲಿ ಹುಲ್ಲು, ಮರಳು, ಕೆಸರುಗಳ ಮೇಲೆ ಓಡಿಸುವ, ಅಡ್ಡಿ ಎದುರಾದಾಗ ಇಳಿದು ಹೊತ್ತೋಡುವ ಕ್ರೀಡೆ. ಫ್ರಾನ್ಸಿನಲ್ಲಿ ಹುಟ್ಟಿ ಬೆಲ್ಜಿಯಂನಲ್ಲಿ ಜನಪ್ರಿಯವಾದ ಈ ಕ್ರೀಡೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದಾಗ ಗೆದ್ದವರು, 1947ರ ಟೂರ್ ಡಿ ಫ್ರಾನ್ಸ್ ವಿಜೇತ ಜಾನ್ ರೋಬಿಕ್. ಸಾಮಾನ್ಯವಾಗಿ ಈ ಪಂದ್ಯಗಳು ಮೈದಾನದಂಥ ಜಾಗದ ಸಣ್ಣ ಸುತ್ತುಗಳಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತವೆ. ಮೂರು ಬೆಟ್ಟಗಳ ಸ್ಪರ್ಧೆಯಾದರೋ ಅತಿ ಚುರುಕಿನವರಿಗೂ ಮೂರು ಗಂಟೆಯ ಆಸುಪಾಸು ಬೇಕಾಗುವಂಥದ್ದು, ಉಳಿದವರಿಗೆ ಐದು ಆರು ಗಂಟೆ ಹಿಡಿಯುವಂಥದ್ದು. ಆದರೂ ಬೆಟ್ಟದ ದಾರಿಗೆಂದೇ ತಯಾರಾದ, ಷಾಕ್ ಅಬ್ಸಾರ್ಬರ್ ಇರುವ ಮೌಂಟನ್ ಬೈಕುಗಳಿಗೆ ಇಲ್ಲಿ ಪ್ರವೇಶವಿಲ್ಲ. ಅನುಕೂಲವನ್ನು ಬೇಕೆಂದೇ ದೂರವಿಟ್ಟಿರುವ ಈ ನಿಯಮ ಹೊರಗಿನವರಿಗೆ ಹಟದಂತೆ ಕಾಣಬಹುದು, ಬಹುಶಃ ಹಟವೇ ಇರಬಹುದು.

ಇಲ್ಲಿನ ಕೆಸರಿಗೆ ಮಳೆಯೊಂದೇ ಕಾರಣವಲ್ಲ. ಕಣಿವೆಯ ತಳದಲ್ಲಿ ದಪ್ಪನೆಯ ಸುಣ್ಣಕಲ್ಲಿನ ಹಾಸು, ಅದರ ಮೇಲೆ ಸುಣ್ಣಕಲ್ಲು, ಮರಳುಗಲ್ಲು ಮತ್ತು ಶೇಲ್ ಎಂಬ ಜೇಡಿಯ ಪದರಗಲ್ಲು ಒಂದಾದ ಮೇಲೊಂದು ಬರುವ ಸ್ತರಗಳು, ನೆತ್ತಿಯಲ್ಲಿ ಒಂದು ಕಾಲಕ್ಕೆ ಬೀಸುವ ಕಲ್ಲುಗಳಿಗೆ ಬಳಕೆಯಾಗುತ್ತಿದ್ದ ಒರಟು ಮರಳುಗಲ್ಲು, ಹೀಗೆ ಈ ಬೆಟ್ಟಗಳ ರಚನೆ ಇದೆ. ಸುಣ್ಣಕಲ್ಲು ಬಿರುಕುಗಳ ಮೂಲಕ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಇಂಗಲ್‌ಬರೋದ ಇಳಿಜಾರಿನಲ್ಲಿರುವ, ಸುಮಾರು ನೂರು ಮೀಟರ್ ಆಳದ ಗೇಪಿಂಗ್ ಗಿಲ್ ಎಂಬ ಗುಹಾಬಾವಿಯೊಳಗೆ ಹಳ್ಳವೊಂದು ಇಡಿಯಾಗಿ ಧುಮುಕುವುದು ಇದರಿಂದಲೇ. ಶೇಲ್ ಮಾತ್ರ ನೀರನ್ನು ಬಿಟ್ಟುಕೊಡದೆ ಮೇಲೆಯೇ ನಿಲ್ಲಿಸುತ್ತದೆ. ಹಾಗೆ ನಿಂತ ನೀರಿನಲ್ಲಿ ಪಾಚಿಯ ಜಾತಿಯ ಸಸ್ಯಗಳು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪೇರಿಕೊಂಡು ಪೀಟ್ ಎಂಬ ಕಪ್ಪು ಮೆತ್ತನೆಯ ನೆಲವಾಗುತ್ತವೆ. ಆದ್ದರಿಂದ ಒಂದೇ ಏರಿನಲ್ಲಿ ಸವಾರನಿಗೆ ಒಣ ಹುಲ್ಲು, ಜಾರುವ ಜೇಡಿ, ಮೊಣಕಾಲು ಮುಳುಗುವ ಪೀಟ್ ಮತ್ತು ಚೂಪುಕಲ್ಲು ಸಾಲಾಗಿ ಎದುರಾಗುತ್ತವೆ.

ಲೀಡ್ಸ್ ನಗರದ ಕ್ಲಬ್ಬೊಂದರ ಸದಸ್ಯರು ಈ ಸ್ಪರ್ಧೆಗೆ ಹೊರಟಾಗ ಅವರ ತಯಾರಿಯೆಲ್ಲ ಈ ನೆಲವನ್ನು ಅರಿಯುವುದರ ಸುತ್ತಲೇ ನಡೆಯಿತು. ತಂಡದಲ್ಲಿ ಕೊಳಾಯಿ ಕೆಲಸದ ಹಿರಿಯರೊಬ್ಬರು, ಆಸ್ಪತ್ರೆಯ ದಾದಿಯೊಬ್ಬರು, ಒಬ್ಬಿಬ್ಬರು ವಿದ್ಯಾರ್ಥಿಗಳು, ಜೊತೆಗೆ ಮಲೆನಾಡಿನ ಸಾಗರದ ಕಡೆಯಿಂದ ಬಂದು ಅಲ್ಲೇ ನೆಲೆಸಿರುವ ಕನ್ನಡಿಗ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಇದ್ದರು. ಸ್ಪರ್ಧೆಯ ದಾರಿಯ ಮುಖ್ಯ ಭಾಗಗಳಲ್ಲಿ ಮುಂಚಿತವಾಗಿ ಸೈಕಲ್ ಓಡಿಸಿ ನೋಡುವಂತಿಲ್ಲ. 1968ರ ಗ್ರಾಮಾಂತರ ಕಾಯಿದೆ ಸೈಕಲ್ ಸವಾರರಿಗೆ ಕುದುರೆದಾರಿಗಳ ಮೇಲೆ ಹಕ್ಕು ಕೊಟ್ಟಿದೆಯೇ ಹೊರತು ಕಾಲುದಾರಿಗಳ ಮೇಲೆ ಕೊಟ್ಟಿಲ್ಲ. ಇಂಗಲ್‌ಬರೋಗೆ ಸೇರಿಕೊಂಡ ಸೈಮನ್ ಫೆಲ್ ಎಂಬ ಇಳಿಜಾರಿನ ಮೇಲೆ ಹಾದುಹೋಗುವ ಭಾಗವಂತೂ ಭೂಮಾಲೀಕರು ಸ್ಪರ್ಧೆಯ ದಿನಕ್ಕೆ ಮಾತ್ರ ಒಪ್ಪಿಗೆ ಕೊಡುವ ಖಾಸಗಿ ನೆಲ. ಹೀಗಾಗಿ ಬೇಸಿಗೆಯ ವಾರಾಂತ್ಯಗಳಲ್ಲಿ ತಂಡ ಸೈಕಲ್ಲುಗಳನ್ನು ಮನೆಯಲ್ಲೇ ಬಿಟ್ಟು, ಸಾರ್ವಜನಿಕ ಕಾಲುದಾರಿಗಳಲ್ಲಿ ನಡೆಯುತ್ತಾ, ಯಾವ ಗೇಟಿನ ಆಚೆ ಕೆಸರಿದೆ, ಯಾವ ಚರಂಡಿ ದಾರಿಗೆ ಅಡ್ಡವಾಗಿದೆ, ಎಲ್ಲಿ ಇಳಿಯಬೇಕು ಎಂಬುದನ್ನು ಗುರುತು ಹಾಕಿಕೊಂಡಿತು.

ಹೊರುವುದನ್ನು ಕಲಿಯಲು ಮಾತ್ರ ಸೈಕಲ್ ಬೇಕೇ ಬೇಕು. ಸಂಜೆಯ ಹೊತ್ತು ನಗರದ ಅಂಚಿನ ಕಡಿದಾದ ಮೆಟ್ಟಿಲುಗಳ ಮೇಲೆ ನಡೆದ ಅಭ್ಯಾಸದಲ್ಲಿ ಫ್ರೇಮಿನ ಮೇಲಿನ ಬಾರನ್ನು ಬಲಹೆಗಲ ಮೇಲೆ ಕೂರಿಸಿ, ಬಲಗೈಯನ್ನು ಕೆಳಗಿನ ಓರೆ ಬಾರಿನ ಅಡಿಯಿಂದ ತೂರಿಸಿ ಹ್ಯಾಂಡಲಿನ ಎಡಕೊಂಬನ್ನು ಹಿಡಿಯುವ ಕ್ರಮವನ್ನು ಎಲ್ಲರೂ ರೂಢಿಸಿಕೊಂಡರು. ಹೀಗೆ ಹಿಡಿದರೆ ಮುಂಗಾಲಿ ತಿರುಗಿ ಮುಖಕ್ಕೆ ಬಡಿಯುವುದಿಲ್ಲ, ಎಡಗೈ ಬೇಲಿ ಹಿಡಿಯಲೋ ಮೊಣಕಾಲಿನ ಮೇಲೆ ಊರಲೋ ಖಾಲಿ ಉಳಿಯುತ್ತದೆ. ಎಂಟೊಂಬತ್ತು ಕಿಲೋ ತೂಕವೆಂದರೆ ಹೆಚ್ಚೇನಲ್ಲ, ಆದರೆ ಅದು ಅರ್ಧ ಗಂಟೆ ಒಂದೇ ಎಲುಬಿನ ಮೇಲೆ ಕುಳಿತಾಗ ಬಾರಿನ ಅಂಚು ಚರ್ಮಕ್ಕೆ ಇಳಿಯತೊಡಗುತ್ತದೆ. ಕೊಳಾಯಿಯ ಹಿರಿಯರು ಬಿಸಿನೀರಿನ ಪೈಪಿಗೆ ತೊಡಿಸುವ ಬೂದುಬಣ್ಣದ ಸ್ಪಂಜಿನ ಕವಚವನ್ನು ಗೇಣುದ್ದಕ್ಕೆ ಕತ್ತರಿಸಿ, ಉದ್ದಕ್ಕೂ ಸೀಳಿ, ಪ್ರತಿಯೊಬ್ಬರ ಬಾರಿನ ಕೆಳಗೂ ಟೇಪಿನಿಂದ ಸುತ್ತಿಕೊಟ್ಟರು. ಅಂಗಡಿಯಲ್ಲಿ ದುಬಾರಿ ಪಟ್ಟಿಗಳು ಸಿಗುತ್ತವೆಯಾದರೂ ಈ ಸ್ಪರ್ಧೆಯ ಹಳಬರು ಇಂದಿಗೂ ನಂಬುವುದು ಪೈಪಿನ ಕವಚವನ್ನೇ.

ಟೈರಿನ ಗಾಳಿಯ ವಿಷಯದಲ್ಲಿ ಒಮ್ಮತ ಮೂಡಲಿಲ್ಲ, ಯಾವ ಕ್ಲಬ್ಬಿನಲ್ಲೂ ಮೂಡುವುದಿಲ್ಲ. ಕೆಸರಿನಲ್ಲಿ ಹಿಡಿತ ಬೇಕಾದರೆ ಗಾಳಿ ಕಡಿಮೆಯಿರಬೇಕು. ಸಾಧಾರಣ ಪಂದ್ಯಗಳಲ್ಲಿ ಅದು 30 ಪಿಎಸ್‌ಐಗಿಂತ ಕೆಳಗೇ ಇರುತ್ತದೆ. ಆದರೆ ಗಾಳಿ ಕಡಿಮೆಯಿರುವ ಟೈರು ಇಳಿಜಾರಿನ ಚೂಪುಕಲ್ಲಿಗೆ ಬಡಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಆದ್ದರಿಂದ ಟ್ಯೂಬು ಹಾಕಿದವರು ದಪ್ಪ ಟೈರು ಹಾಕಿ, ಗಾಳಿಯನ್ನು ಸುಮಾರು ಎರಡರಷ್ಟು ಮಾಡಿ, ಕೆಸರಿನಲ್ಲಿ ಜಾರುವುದಕ್ಕೆ ಸಿದ್ಧರಾದರು. ವಿದ್ಯಾರ್ಥಿಗಳು ಟ್ಯೂಬಿಲ್ಲದ, ಒಳಗೆ ತೂತು ಮುಚ್ಚುವ ದ್ರವ ಸುರಿದ ಟೈರುಗಳನ್ನು ಆರಿಸಿಕೊಂಡರು. ಬ್ರೇಕಿನ ಜಗಳ ಮಾತ್ರ ಹಿಂದೆಯೇ ತೀರಿತ್ತು. ರಿಮ್ಮನ್ನು ಹಿಡಿಯುವ ಹಳೆಯ ಬ್ರೇಕುಗಳಲ್ಲಿ ಹುಲ್ಲು ಮತ್ತು ಪೀಟ್ ಸೇರಿ ಚಕ್ರವೇ ನಿಂತುಬಿಡುತ್ತಿತ್ತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2010ರಲ್ಲಿ ಸೈಕ್ಲೋಕ್ರಾಸಿಗೆ ಡಿಸ್ಕ್ ಬ್ರೇಕನ್ನು ಒಪ್ಪಿದ ನಂತರ ಅದೇ ರೂಢಿಯಾಯಿತು.

ಶನಿವಾರ ಸೈಕಲ್ಲುಗಳು ವ್ಯಾನಿನಲ್ಲಿ ಹೋದವು, ಜನರಲ್ಲಿ ಹೆಚ್ಚಿನವರು ಸೆಟಲ್–ಕಾರ್ಲೈಲ್ ಮಾರ್ಗದ ರೈಲು ಹತ್ತಿದರು. 1876ರಲ್ಲಿ ಪ್ರಯಾಣಿಕರಿಗೆ ತೆರೆದುಕೊಂಡ ಈ ಮಾರ್ಗವನ್ನು 1980ರ ದಶಕದಲ್ಲಿ ಮುಚ್ಚಲು ಹೊರಟಾಗ ದೊಡ್ಡ ಜನಾಂದೋಲನ ನಡೆದು, 1989ರಲ್ಲಿ ಸರ್ಕಾರ ಆ ನಿರ್ಧಾರವನ್ನು ಕೈಬಿಟ್ಟಿತು. ಸೆಟಲ್ ದಾಟಿದ ಮೇಲೆ ಹೆಂಚಿನ ಮನೆಗಳು ಹಿಂದೆ ಸರಿದು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಬೇಲಿಗೋಡೆಗಳು ಬೆಟ್ಟದ ಬೆನ್ನಿನವರೆಗೂ ನೇರ ಏರುವುದು ಕಿಟಕಿಯಲ್ಲಿ ಕಂಡಿತು. ತಂಡ ಹಾರ್ಟನ್-ಇನ್-ರಿಬ್ಬಲ್ಸ್‌ಡೇಲ್ ನಿಲ್ದಾಣದಲ್ಲಿ ಇಳಿಯುವಾಗ ಪೆನ್-ಇ-ಗೆಂಟಿನ ತುದಿ ಮೋಡದೊಳಗಿತ್ತು.

ಭಾನುವಾರ ಬೆಳಿಗ್ಗೆ ಹೆಲ್ವಿತ್ ಬ್ರಿಜ್ ಎಂಬ ಪುಟ್ಟ ಊರಿನಲ್ಲಿ, ಪ್ರತಿ ಸವಾರನ ಬಳಿ ಸೀಟಿಯೂ, ಮೈಗೆ ಸುತ್ತಿಕೊಳ್ಳುವ ತುರ್ತು ಚೀಲವೂ ಇರುವುದನ್ನು ತಪಾಸಣೆ ಮಾಡಲಾಯಿತು. ಬೆಟ್ಟದ ಮೇಲೆ ಕಾಲುಳುಕಿ ಕುಳಿತವನಿಗೆ ಚಳಿಯೇ ದೊಡ್ಡ ಶತ್ರುವಾದ್ದರಿಂದ ಇವು ಕಡ್ಡಾಯ. ಮೊದಲ ಕೆಲವು ಕಿಲೋಮೀಟರ್ ರಸ್ತೆ, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಗಿಲ್ ಗಾರ್ತ್ ತೋಟದಮನೆಯ ಬಳಿ ರಸ್ತೆ ಬಿಟ್ಟ ಮೇಲೆ ಹುಲ್ಲು ದಪ್ಪವಾಗಿ, ಅನಂತರ ಗುಡ್ಡೆಗುಡ್ಡೆಯಾಗಿ, ಕೊನೆಗೆ ಸೈಮನ್ ಫೆಲ್ಲಿನ ಗೋಡೆಯಂಥ ಇಳಿಜಾರಾಗಿ ಎದ್ದುನಿಂತಿತು. ನೂರಾರು ಜನ ಸೈಕಲ್ ಹೊತ್ತು, ಬಗ್ಗಿದ ಬೆನ್ನುಗಳ ಒಂದೇ ಸಾಲಾಗಿ, ತಂತಿಬೇಲಿಯ ಗೂಟಗಳನ್ನು ಹಿಡಿದು ತಮ್ಮನ್ನು ತಾವೇ ಎಳೆದುಕೊಳ್ಳುತ್ತಾ ಏರಿದರು. ಮುಂದಿನವನ ಹಿಂಗಾಲಿಯಿಂದ ತೊಟ್ಟಿಕ್ಕುವ ಕಪ್ಪುನೀರು ಹಿಂದಿನವನ ಕೈಮೇಲೆ ಬೀಳುವಷ್ಟು ಸಾಲು ಒತ್ತಾಗಿತ್ತು. ಮಲೆನಾಡಿನ ಕೆಸರುಗದ್ದೆಯಲ್ಲಿ ಬೆಳೆದ ಕನ್ನಡಿಗ ಸವಾರರಿಗೆ ಕೆಸರು ಹೊಸದಲ್ಲ, ಆದರೆ ಗದ್ದೆಯ ಕೆಸರಿಗೆ ಉಳುಮೆಯಿಂದ ಗಟ್ಟಿಯಾದ ತಳವೊಂದು ಇರುತ್ತದೆ, ಪಾದ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಪೀಟಿಗೆ ಅಂಥ ಭರವಸೆಯ ತಳವಿಲ್ಲವೆಂಬುದು ತೊಡೆಯವರೆಗೆ ಇಳಿದಾಗ ಅವರಿಗೆ ತಿಳಿಯಿತು. ಈ ಸ್ಪರ್ಧೆಯನ್ನು ಹತ್ತಕ್ಕೂ ಹೆಚ್ಚು ಬಾರಿ ಗೆದ್ದಿರುವ ರಾಬ್ ಜೆಬ್ ಬೆಟ್ಟದೋಟದಲ್ಲೂ ಹೆಸರಾದವರು ಎಂಬುದರ ಅರ್ಥ ಈ ಏರಿನಲ್ಲಿ ಸ್ಪಷ್ಟವಾಗುತ್ತದೆ.

ಇಂಗಲ್‌ಬರೋದಿಂದ ಕೋಲ್ಡ್ ಕೋಟ್ಸ್ ಹಳ್ಳಿಗೆ ಇಳಿಯುವಾಗ, ಹುಲ್ಲಿನಡಿ ಅಡಗಿದ ಕಲ್ಲಿಗೆ ಮುಂಗಾಲಿ ಬಡಿದು ದಾದಿಯ ಟ್ಯೂಬು ಹೋಯಿತು. ಅವರು ಉಳಿದ ಇಳಿಜಾರನ್ನು ಓಡಿಯೇ ಮುಗಿಸಿ, ಹಳ್ಳಿಯಲ್ಲಿ ಕಾಯುತ್ತಿದ್ದ ಕ್ಲಬ್ಬಿನವರಿಂದ ಬೇರೆ ಚಕ್ರ ಪಡೆದರು. ಬೆಟ್ಟಗಳ ನಡುವೆ ರಸ್ತೆ ಸಿಗುವ ಇಂಥ ಜಾಗಗಳಲ್ಲಿ ಚಕ್ರ, ಬಾಟಲಿ, ಬಾಳೆಹಣ್ಣು, ಕೆಲವೊಮ್ಮೆ ಇಡೀ ಸೈಕಲ್ಲನ್ನೇ ಹಿಡಿದು ನಿಲ್ಲುವ ಸಹಾಯಕರಿಲ್ಲದೆ ಈ ಸ್ಪರ್ಧೆ ಮುಗಿಸುವುದು ದುಸ್ತರ. ಕ್ಲಬ್ಬೆಂಬ ವ್ಯವಸ್ಥೆಯ ನಿಜವಾದ ಬೆಲೆ ಸವಾರರಿಗಿಂತ ಈ ಕಾಯುವವರಲ್ಲಿದೆ, ಇವರಿಗೆ ಮಾತ್ರ ಯಾವ ಪದಕವೂ ಇಲ್ಲ. ವರ್ನ್‌ಸೈಡಿನ ಕಡಿದಾದ ಮೆಟ್ಟಿಲುಗಳನ್ನು ಹತ್ತಿ, ಪೀಟಿನ ಮೇಲೆ ಹಾಸಿದ ಚಪ್ಪಡಿಕಲ್ಲುಗಳ ಮೇಲೆ ಅಡ್ಡಚರಂಡಿಗಳನ್ನು ಹಾರುತ್ತಾ ಇಳಿದರೆ ರಿಬ್ಬಲ್‌ಹೆಡ್ಡಿನ ರೈಲುಸೇತುವೆ ಎದುರಾಗುತ್ತದೆ. ಸುಮಾರು 400 ಮೀಟರ್ ಉದ್ದದ, 24 ಕಮಾನುಗಳ ಈ ಸೇತುವೆಯನ್ನು ಇದೇ ಜೌಗಿನ ನಡುವೆ ಗುಡಿಸಲು ಹಾಕಿಕೊಂಡಿದ್ದ ಕೂಲಿಕಾರರು 1870ರ ದಶಕದಲ್ಲಿ ಕಟ್ಟಿದರು. ಸಿಡುಬು ಮತ್ತು ಅಪಘಾತಗಳಲ್ಲಿ ಸತ್ತ ಅವರಲ್ಲಿ ಅನೇಕರು ಚಾಪಲ್-ಲೆ-ಡೇಲಿನ ಚರ್ಚಿನ ಅಂಗಳದಲ್ಲಿ ಮಣ್ಣಾಗಿದ್ದಾರೆ. ಕಮಾನುಗಳ ಕೆಳಗೆ ಬಾಟಲಿ ಹಿಡಿದು ನಿಂತಿದ್ದ ಕನ್ನಡಿಗ ಸವಾರರ ಪತ್ನಿ, ಪತಿ ಕಲ್ಲಿನ ಮೇಲೆ ಕೂರಲು ನೋಡಿದ್ದೇ ತಡ, “ರೀ, ಕೂತ್ಕೋಬೇಡಿ, ಕೂತ್ರೆ ಮತ್ತೆ ಏಳಲ್ಲ ನೀವು, ನಿಂತೇ ಕುಡೀರಿ” ಎಂದರು. ಅವರು ನಿಂತೇ ಕುಡಿದು ಹೊರಟರು.

ಕೊನೆಯ ಬೆಟ್ಟವಾದ ಪೆನ್-ಇ-ಗೆಂಟಿಗೆ ಹಾರ್ಟನ್ನಿನಿಂದ ಏರುವ ದಾರಿಯಲ್ಲೇ ಇಳಿಯಬೇಕು. ಎರಡೂ ಕಡೆ ಕಲ್ಲುಗೋಡೆಯಿರುವ ಆ ಇಕ್ಕಟ್ಟಿನಲ್ಲಿ ಏರುವವರು ಅಂಚಿಗೆ ಸರಿದು ಇಳಿಯುವವರಿಗೆ ದಾರಿ ಬಿಡುತ್ತಾರೆ. ಕ್ಲಬ್ಬಿನವರು ಬೆಳಿಗ್ಗೆಯಿಂದ ಒಬ್ಬರನ್ನೊಬ್ಬರು ಕಂಡದ್ದು ಇಲ್ಲೇ: ವಿದ್ಯಾರ್ಥಿಗಳು ಇಳಿಯುತ್ತಿದ್ದರು, ಕನ್ನಡಿಗರು ಏರುತ್ತಿದ್ದರು, ಯಾರಿಗೂ ಮಾತನಾಡಲು ಉಸಿರಿರಲಿಲ್ಲ. ದಾದಿ ಕನ್ನಡಿಗ ಸವಾರರನ್ನು ಏರಿನಲ್ಲೇ ಹಿಂದಿಕ್ಕಿದರು. ಕೊಳಾಯಿಯ ಹಿರಿಯರು ನಿಗದಿತ ಗಡುವಿನೊಳಗೆ ರಿಬ್ಬಲ್‌ಹೆಡ್ ತಲುಪಲಾಗದೆ ಅಲ್ಲೇ ನಿಂತು, ಕಾಯುವವರ ಸಾಲಿಗೆ ಸೇರಿದರು.

ಸಂಜೆ ಹೆಲ್ವಿತ್ ಬ್ರಿಜ್ಜಿನಲ್ಲಿ ನೀರಿನ ಕೊಳವೆಯ ಮುಂದೆ ಉದ್ದ ಸರದಿಯಿತ್ತು. ಪೀಟ್ ಒಣಗಿದರೆ ಬೇರಿಂಗುಗಳ ಒಳಗೆ ಅರೆಯುವ ಪುಡಿಯಾಗುವುದರಿಂದ ಮೈ ತೊಳೆಯುವುದಕ್ಕೆ ಮೊದಲು ಸೈಕಲ್ ತೊಳೆಯಬೇಕೆಂಬುದು ರೂಢಿ. ಬೆಳಿಗ್ಗೆ ಹೊಸದಾಗಿ ಹಾಕಿದ್ದ ಬ್ರೇಕ್ ಪ್ಯಾಡುಗಳು ಹಿಂಗಾಲಿಯಲ್ಲಿ ಲೋಹ ಕಾಣುವಷ್ಟು ಸವೆದಿದ್ದವು, ಒಂದು ಚೈನಿನ ಕೊಂಡಿ ಬಾಗಿತ್ತು, ಪೈಪಿನ ಕವಚಗಳು ಮಾತ್ರ ಹಾಗೇ ಇದ್ದವು. ಹಿರಿಯರು ಅವನ್ನು ಬಿಚ್ಚಿ, ಹಿಂಡಿ, ವ್ಯಾನಿನ ಬಾಗಿಲ ಒಳಬದಿಗೆ ಒಣಗಲು ಸಿಕ್ಕಿಸಿದರು.