ಹಿತ್ತಿಲಿನಿಂದ ಗುರುದರ್ಶನ

ಆಸ್ಟ್ರೇಲಿಯದ ರಾಜಧಾನಿಯಾದ ಕ್ಯಾನ್‌ಬೆರಾ ನಗರದಿಂದ ಬಾರ್ಟನ್ ಹೆದ್ದಾರಿಯನ್ನು ಹಿಡಿದು ಹೊರಟರೆ, ಅರ್ಧಗಂಟೆಗೆ ತುಸು ಮಿಕ್ಕ ಮೋಟಾರು ಪ್ರಯಾಣದಲ್ಲಿ ಮರಂಬೇಟ್‌ಮನ್ ಎಂಬ ಸಣ್ಣ ಊರು ದೊರೆಯುತ್ತದೆ. ನ್ಯೂ ಸೌತ್ ವೇಲ್ಸ್ ಪ್ರಾಂತಕ್ಕೆ ಸೇರಿದ ಈ ಸೀಮೆಯು ನುನ್ನವಾಲ್ ಎಂಬ ಮೂಲನಿವಾಸಿಗಳ ನೆಲ. ದಾರಿಯ ಇಕ್ಕೆಲಗಳಲ್ಲಿಯೂ ಕುರಿಗಳು ಮೇಯುವ ಹುಲ್ಲುಗಾವಲು, ದ್ರಾಕ್ಷಿಯ ತೋಟ, ನಡುನಡುವೆ ನೀಲಗಿರಿಯ ಜಾತಿಯ ಮರಗಳು. ನಮ್ಮ ನಾಡಿನಲ್ಲಿ ಬೇರೂರಿರುವ ಆ ಮರದ ತವರು ಈ ಖಂಡವೇ ಆದುದರಿಂದ, ದೂರದೇಶದಲ್ಲಿ ಪರಿಚಿತರನ್ನು ಕಂಡಂತೆ ನಮಗೆ ಹರ್ಷವಾಯಿತು.

ಯಾತ್ರಿಕರನ್ನು ಸೆಳೆಯುವ ಗುಡಿಯಾಗಲಿ ಕೋಟೆಯಾಗಲಿ ಇಲ್ಲಿಲ್ಲ. ಆದರೂ ನಾವು ಈ ಊರನ್ನು ನೋಡಬೇಕೆಂದು ಬಂದುದಕ್ಕೆ ಕಾರಣವುಂಟು. ೨೦೦೯ನೆಯ ಇಸವಿ ಜುಲೈ ೧೯ನೆಯ ದಿನ ಗುರುಗ್ರಹದ ಮೈಮೇಲೆ ಹೊಸದಾಗಿ ಆಗಿದ್ದ ದೊಡ್ಡದೊಂದು ಗಾಯವು ಮನುಷ್ಯನ ಕಣ್ಣಿಗೆ ಮೊಟ್ಟಮೊದಲು ಬಿದ್ದುದು ಇಲ್ಲಿಯ ಒಂದು ಮನೆಯ ಹಿತ್ತಿಲಿನಿಂದ.

ಕಂಡವರು ಆಂಟನಿ ವೆಸ್ಲಿ ಎಂಬವರು. ಅವರು ಯಾವ ವೇಧಶಾಲೆಯ ಅಧಿಕಾರಿಯೂ ಅಲ್ಲ. ಕಂಪ್ಯೂಟರಿನ ಕೆಲಸದಿಂದ ಜೀವನ ಸಾಗಿಸುತ್ತ, ರಾತ್ರಿಯ ಬಿಡುವಿನಲ್ಲಿ ಆಕಾಶವನ್ನು ನೋಡುತ್ತಿದ್ದ ಗೃಹಸ್ಥರು. ಅವರ ದೂರದರ್ಶಕದ ದರ್ಪಣವು ೧೪½ ಅಂಗುಲ ಅಗಲದ್ದು. ಜುಲೈ ಎಂದರೆ ನಮ್ಮಲ್ಲಿ ಆಷಾಢದ ಮಳೆ. ಅಲ್ಲಿ ಮಾಗಿಯ ಚಳಿ. ನಾವು ಹೋದುದೂ ಅದೇ ಋತುವಿನಲ್ಲಿ. ಸಂಜೆ ಕಳೆದ ಮೇಲೆ ಊರ ಹೊರಗೆ ಕಂಬಳಿ ಹೊದೆದು ನಿಂತೆವು. ನಮ್ಮಲ್ಲಿ ತೆಂಕಣ ದಿಗಂತದ ಅಂಚಿನಲ್ಲಿ ಇಣಿಕಿ ಮರೆಯಾಗುವ ತ್ರಿಶಂಕುವಿನ ನಾಲ್ಕು ತಾರೆಗಳು ಅಲ್ಲಿ ಎತ್ತರದಲ್ಲಿ ಹೊಳೆಯುತ್ತಿದ್ದುವು. ೨೦೦೯ರಲ್ಲಿ ಗುರುವು ಖಗೋಳದ ದಕ್ಷಿಣಾರ್ಧದಲ್ಲಿ ಸಂಚರಿಸುತ್ತಿದ್ದನು. ಲಂಡನ್ ಮುಂತಾದ ಉತ್ತರದ ಪಟ್ಟಣಗಳವರಿಗೆ ಅವನು ತಗ್ಗಿನಲ್ಲಿ, ದಟ್ಟವಾದ ಗಾಳಿಯ ಮುಸುಕಿನಲ್ಲಿ ಕಾಣುತ್ತಿದ್ದರೆ, ಇಲ್ಲಿಯವರಿಗೆ ಆಕಾಶದಲ್ಲಿ ಬಹಳ ಮೇಲಕ್ಕೆ ಏರಿ ಬರುತ್ತಿದ್ದನು. ಸ್ಥಳಮಹಿಮೆ ಎಂಬುದು ಇದೇ ಅಲ್ಲವೆ?

ಗ್ರಹದ ಚಿತ್ರವನ್ನು ತೆಗೆಯುವುದು ಮದುವೆಯ ಚಿತ್ರವನ್ನು ತೆಗೆದಂತಲ್ಲ. ಒಲೆಯ ಮೇಲಿನ ಕಾವಿನಾಚೆ ಗೋಡೆಯು ನಡುಗುವಂತೆ ಕಾಣುವುದನ್ನು ಗೃಹಿಣಿಯರು ಬಲ್ಲರು. ಭೂಮಿಯ ವಾಯುಮಂಡಲವೂ ಹಾಗೆಯೇ ಗ್ರಹಬಿಂಬವನ್ನು ನಡುಗಿಸುತ್ತದೆ. ಆದುದರಿಂದ ಹವ್ಯಾಸಿಗಳು ಒಂದು ಚಿತ್ರಕ್ಕೆ ಬದಲಾಗಿ ಕೆಲವು ನಿಮಿಷಗಳಲ್ಲಿ ಸಾವಿರಾರು ಚಿತ್ರಗಳನ್ನು ಚಲನಚಿತ್ರದಂತೆ ಹಿಡಿದು, ಗಾಳಿ ಅರೆಕ್ಷಣ ನೆಮ್ಮದಿಯಾಗಿದ್ದಾಗ ದೊರೆತವನ್ನು ಮಾತ್ರ ಆರಿಸಿ, ಕಂಪ್ಯೂಟರಿನ ಸಹಾಯದಿಂದ ಒಂದರ ಮೇಲೊಂದನ್ನು ಕೂಡಿಸುತ್ತಾರೆ. ಜೊಳ್ಳನ್ನು ತೂರಿ ಕಾಳನ್ನು ಉಳಿಸಿಕೊಂಡಂತೆ! ಈ ಕೆಲಸದಲ್ಲಿ ಸಾವಕಾಶಕ್ಕೆ ಎಡೆಯಿಲ್ಲ. ನಮ್ಮ ಭೂಮಿಯ ಹನ್ನೊಂದರಷ್ಟು ವ್ಯಾಸವುಳ್ಳ ಆ ಮಹಾಗ್ರಹವು ಹತ್ತು ಗಂಟೆಯೊಳಗೆ ತನ್ನನ್ನು ತಾನೇ ಒಂದು ಸುತ್ತು ಸುತ್ತುವುದರಿಂದ, ತಡಮಾಡಿದರೆ ಚಿತ್ರವು ಕಲಸಿಹೋಗುವುದು.

ಆ ರಾತ್ರಿ ಗಾಳಿಯು ಅಷ್ಟೇನೂ ಅನುಕೂಲವಾಗಿರಲಿಲ್ಲ. ವೆಸ್ಲಿಯವರು ನಡುವೆ ಒಳಗೆ ಹೋಗಿ ಟೆಲಿವಿಷನ್ನಿನಲ್ಲಿ ಕ್ರಿಕೆಟ್ ನೋಡಿ ಬಂದರಂತೆ. ಇನ್ನು ಸಾಕೆಂದು ಮುಗಿಸುವುದರಲ್ಲಿದ್ದರಂತೆ. ಇನ್ನು ಸ್ವಲ್ಪ ಹೊತ್ತು ನೋಡೋಣವೆಂದು ಮನಸ್ಸನ್ನು ಬದಲಿಸಿದುದೇ ಪುಣ್ಯ. ಗುರುವಿನ ದಕ್ಷಿಣಧ್ರುವದ ಸಮೀಪದಲ್ಲಿ ಕರಿಯ ಮಚ್ಚೆಯೊಂದು ತಿರುಗಿಕೊಂಡು ಬಂದಿತು. ಉಪಗ್ರಹವೋ ಅದರ ನೆರಳೋ ಎಂದು ಪರೀಕ್ಷಿಸಿದರು, ಎರಡೂ ಅಲ್ಲ. ಎರಡು ರಾತ್ರಿಗಳ ಹಿಂದೆ ತೆಗೆದ ಚಿತ್ರಗಳಲ್ಲಿ ಆ ತಾಣವು ಶುಭ್ರವಾಗಿತ್ತು. ಕೂಡಲೇ ವಿಜ್ಞಾನಿಗಳಿಗೆ ಸುದ್ದಿ ಮುಟ್ಟಿಸಿದರು. ಹವಾಯಿ ದ್ವೀಪದ ಮೌನಾ ಕೀ ಶಿಖರದಲ್ಲಿರುವ ನಾಸಾ ಸಂಸ್ಥೆಯ ಅವಕೆಂಪು ದೂರದರ್ಶಕವು ಮರುದಿನವೇ ಅದನ್ನು ದೃಢಪಡಿಸಿತು. ಜುಲೈ ೨೩ರಂದು ಹಬಲ್ ದೂರದರ್ಶಕವೂ ಅತ್ತ ತಿರುಗಿತು. ಕೆಲವು ನೂರು ಮೀಟರಿನ ಕಾಯವೊಂದು, ಪ್ರಾಯಶಃ ಕ್ಷುದ್ರಗ್ರಹ, ಗುರುವಿಗೆ ಬಡಿದಿತ್ತು. ಗಾಯದ ವಿಸ್ತಾರವು ಹೆಚ್ಚುಕಡಿಮೆ ನಮ್ಮ ಶಾಂತಸಾಗರದಷ್ಟು!

ಇಲ್ಲಿ ವಿಚಾರಮಾಡತಕ್ಕ ಸಂಗತಿಯೊಂದಿದೆ. ೧೯೯೪ರ ಜುಲೈಯಲ್ಲಿ ಶೂಮೇಕರ್–ಲೆವಿ ಧೂಮಕೇತುವಿನ ತುಂಡುಗಳು ಗುರುವಿಗೆ ಬಿದ್ದಾಗ, ಆ ದಿನಗಳನ್ನು ಗಣಿತಜ್ಞರು ಮೊದಲೇ ಸಾರಿದ್ದರು. ಲೋಕವೆಲ್ಲ ಕಣ್ತೆರೆದು ಕಾದಿತ್ತು. ೨೦೦೯ರ ಅತಿಥಿಯಾದರೋ ತಿಥಿ ಹೇಳದೆ ಬಂದವನು. ಗಾಯವು ಕೆಲವು ತಿಂಗಳುಗಳಲ್ಲಿ ಮಾಸಿಹೋಯಿತು. ಮಹಾಯಂತ್ರಗಳ ಒಂದೊಂದು ಗಂಟೆಯೂ ಮೊದಲೇ ಹಂಚಿಹೋಗಿರುವುದು. ಒಂದೇ ಗ್ರಹವನ್ನು ರಾತ್ರಿ ರಾತ್ರಿಯೂ ಕಾಯಲು ಅವುಗಳಿಗೆ ಪುರಸತ್ತಿಲ್ಲ. ಆ ಕಾವಲು ಹಿತ್ತಿಲಿನವರ ಪಾಲಿಗೆ ಬಂದಿದೆ. ಅವರು ಮಲಗಿದ್ದರೆ ಇಂತಹ ಆಘಾತಗಳು ನಡೆದುವೆಂಬುದೇ ನಮಗೆ ತಿಳಿಯದೆ ಹೋಗಬಹುದು.

ಮರುವರ್ಷ ಇದಕ್ಕೆ ಇನ್ನೊಂದು ಸಾಕ್ಷಿ ದೊರೆಯಿತು. ೨೦೧೦ರ ಜೂನ್ ೩ರಂದು ಗುರುವಿನ ಮೇಲೆ ಎರಡು ಸೆಕೆಂಡುಗಳ ಕಾಲ ಮಿಂಚಿದ ಬೆಳಕೊಂದನ್ನು ವೆಸ್ಲಿಯವರು ಹಿಡಿದರು. ಅದೇ ಮಿಂಚನ್ನು ಫಿಲಿಪ್ಪೀನ್ಸ್ ದೇಶದ ಸೆಬು ನಗರದಿಂದ ಕ್ರಿಸ್ಟೊಫರ್ ಗೋ ಎಂಬ ಹವ್ಯಾಸಿಗಳೂ ಹಿಡಿದಿದ್ದರು. ಇಬ್ಬರ ಮಾತು ಒಂದಾದಾಗ ಸಂದೇಹಕ್ಕೆ ಆಸ್ಪದವೆಲ್ಲಿ? ಇದೇ ಗೋ ಅವರು ೨೦೦೬ರ ಫೆಬ್ರುವರಿಯಲ್ಲಿ ಗುರುವಿನ ಬಿಳಿಯ ಸುಳಿಯೊಂದು ಕೆಂಪಾದುದನ್ನು ಗುರುತಿಸಿದವರು. ಮೂರು ಹಳೆಯ ಬಿಳಿ ಸುಳಿಗಳು ಕಾಲಕ್ರಮದಲ್ಲಿ ಒಂದನ್ನೊಂದು ಕೂಡಿ, ೨೦೦೦ದ ಹೊತ್ತಿಗೆ ಆ ಒಂದು ಸುಳಿಯಾಗಿ ಉಳಿದಿದ್ದುವು.

ನಮ್ಮ ಮನೆಗಳಲ್ಲಿ ಮಗಳ ಮದುವೆಯ ಮಾತು ಬಂದೊಡನೆ ಗುರುಬಲವಿದೆಯೇ ಎಂದು ಪಂಚಾಂಗವನ್ನು ಬಿಚ್ಚುವುದು ವಾಡಿಕೆ. ಹಾಗೆ ಬಿಚ್ಚುವವರಲ್ಲಿ ಆ ಗುರುವನ್ನು ಆಕಾಶದಲ್ಲಿ ಗುರುತಿಸಬಲ್ಲವರು ಎಷ್ಟು ಮಂದಿ? ಗುರುತಿಸುವುದು ಕಷ್ಟವಲ್ಲ, ಶುಕ್ರನೊಬ್ಬನನ್ನು ಬಿಟ್ಟರೆ ರಾತ್ರಿಯಲ್ಲಿ ಸಾಮಾನ್ಯವಾಗಿ ಅವನಷ್ಟು ಕಾಂತಿಯುಳ್ಳ ಗ್ರಹವಿಲ್ಲ. ಒಳ್ಳೆಯ ದುರ್ಬೀನನ್ನು ಅಲುಗದಂತೆ ಹಿಡಿದರೆ, ೧೬೧೦ರಲ್ಲಿ ಗೆಲಿಲಿಯೊ ಕಂಡ ನಾಲ್ಕು ಉಪಗ್ರಹಗಳೂ ಚುಕ್ಕಿಗಳಂತೆ ಸಾಲಾಗಿ ತೋರುವುವು. ಮಕ್ಕಳು ಅವುಗಳ ಸ್ಥಾನವನ್ನು ದಿನವೂ ಪುಸ್ತಕದಲ್ಲಿ ಬರೆದಿಡಲಿ. ನಾಲ್ಕೇ ದಿನಗಳಲ್ಲಿ ಅವು ಗುರುವನ್ನು ಸುತ್ತುವ ರೀತಿ ಅವರ ಕೈಬರಹದಲ್ಲಿಯೇ ಮೂಡುವುದು.