ಇಂಡಿಕೇಟರಿನ ಲಯ

ಕಾರಿನ ಇಂಡಿಕೇಟರ್ ಕೆಟ್ಟಿದೆ ಎಂದು ಯಾರಾದರೂ ಬಂದರೆ ನಾನು ಮೊದಲು ಸ್ಕ್ರೂಡ್ರೈವರ್ ಹುಡುಕುವುದಿಲ್ಲ. ಸೀಟಿನಲ್ಲಿ ಕೂತು, ಕೀ ತಿರುಗಿಸಿ, ಇಂಡಿಕೇಟರ್ ಹಾಕಿ ಕಿವಿಗೊಡುತ್ತೇನೆ. ಸರಿಯಾಗಿರುವ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಎಡಕ್ಕೆ ಮಧ್ಯ ಲಯದಲ್ಲಿ, ಬಲಕ್ಕೆ ದ್ರುತದಲ್ಲಿ ಟಿಕ್‌ಟಿಕ್ ಎನ್ನುತ್ತಿದ್ದರೆ ಬಲಗಡೆ ಒಂದು ಬಲ್ಬ್ ಹೋಗಿರಬೇಕೆಂದು ಕೂತಲ್ಲೇ ಊಹಿಸಬಹುದು. ಮುಂದೊಂದು, ಹಿಂದೊಂದು 21 ವಾಟಿನ ಬಲ್ಬು. 12 ವೋಲ್ಟಿನಲ್ಲಿ ಎರಡೂ ಸೇರಿ 3.5 ಆಂಪಿಯರ್ ಎಳೆಯುತ್ತವೆ. ಒಂದು ಸುಟ್ಟರೆ ಕರೆಂಟು ಸುಮಾರು ಅರ್ಧಕ್ಕಿಳಿಯುತ್ತದೆ, ಎಲೆಕ್ಟ್ರಾನಿಕ್ ಫ್ಲಾಷರ್ ಅದನ್ನು ಗುರುತಿಸಿ ಓಟ ಹೆಚ್ಚಿಸುತ್ತದೆ. ಓಡಿಸುವವರಿಗೆ ತಿಳಿಯಲೆಂದೇ ಮಾಡಿದ ಏರ್ಪಾಡು ಅದು. ಎಷ್ಟು ಒಳ್ಳೆಯ ಯೋಚನೆ! ಬರೀ ಎಲ್‌ಇಡಿ ಬಲ್ಬು ಹಾಕಿಸಿದ ಹಳೆಯ ಕಾರೂ ಹೀಗೇ ಅವಸರಪಡುತ್ತದೆ. ಅದು ಎಳೆಯುವ ಕರೆಂಟು ಅಷ್ಟು ಕಡಿಮೆ.

ಎರಡೂ ಕಡೆ ಇಂಡಿಕೇಟರ್ ಸತ್ತಿದ್ದರೆ ಕೆಂಪು ತ್ರಿಕೋನದ ಗುಂಡಿ ಒತ್ತುತ್ತೇನೆ. ನಾಲ್ಕೂ ದೀಪ ಮಿನುಗಿದವೋ, ಬಲ್ಬುಗಳ ಮೇಲಿನ ಅನುಮಾನ ಹೋಯಿತು. ಇಂಡಿಕೇಟರಿಗೂ ಈ ಗುಂಡಿಗೂ ಒಂದೇ ಫ್ಲಾಷರ್ ಇರುವ ಕಾರಾದರೆ ಅದರ ಮೇಲಿನದೂ ಹೋಯಿತು. ಉಳಿಯುವುದು ಕೀ ಹಾಕಿದಾಗ ಕರೆಂಟು ಬರುವ ದಾರಿಯ ಫ್ಯೂಸು, ಸ್ಟಿಯರಿಂಗ್ ಪಕ್ಕದ ಸ್ವಿಚ್ಚು, ಮತ್ತು ಸ್ವತಃ ಆ ಕೆಂಪು ಗುಂಡಿ. ಅನೇಕ ಹಳೆಯ ಕಾರುಗಳಲ್ಲಿ ಇಂಡಿಕೇಟರಿನ ಕರೆಂಟು ಈ ಗುಂಡಿಯೊಳಗಿನ ಕಾಂಟ್ಯಾಕ್ಟ್ ದಾಟಿಯೇ ಬರಬೇಕು. ವರ್ಷಗಟ್ಟಲೆ ಒತ್ತದೆ ಬಿಟ್ಟರೆ ಅಲ್ಲಿ ಕಿಲುಬು ಕೂರುತ್ತದೆ. ಒಂದಷ್ಟು ಸಲ ಒತ್ತಿ ಬಿಟ್ಟರೆ ಉಜ್ಜಿಹೋಗಿ ಜೀವ ಬರುವುದೂ ಉಂಟು.

ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅರ್ತಿಂಗ್ ದೋಷ. ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ಬರವಿಲ್ಲ. "ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಮಂಕಾಗಿ ಉರೀತದೆ ಮಾರಾಯ್ರೆ, ಎಂತ ಇದು?" ಎಂದು ಪಕ್ಕದ ಮನೆಯವರು ಕಾರು ತಂದು ನಿಲ್ಲಿಸಿದಾಗ ನನಗೆ ಹಬ್ಬ. ಹಿಂದೆ ಒಂದೊಂದು ಬದಿಯ ದೀಪಗಳಿಗೆಲ್ಲ ಬಾಡಿ ಸೇರಲು ಒಂದೇ ಕಪ್ಪು ತಂತಿ. ಅದರ ಸ್ಕ್ರೂ ತುಕ್ಕು ಹಿಡಿದರೆ ಬ್ರೇಕ್ ದೀಪದ ಕರೆಂಟಿಗೆ ಹಿಂದಿರುಗಲು ದಾರಿಯಿಲ್ಲ. ಅದು ಸುಮ್ಮನಿರುವುದಿಲ್ಲ. ಹಿಂದಿನ ಇಂಡಿಕೇಟರಿನೊಳಗೆ ಹಿಮ್ಮುಖವಾಗಿ ನುಗ್ಗಿ, ಅದರ ತಂತಿಯಲ್ಲೇ ಮುಂದಿನ ಇಂಡಿಕೇಟರಿನವರೆಗೂ ಹೋಗಿ, ಅಲ್ಲಿ ಬಾಡಿ ಸೇರುತ್ತದೆ. ಕರೆಂಟು ಹೋಗುತ್ತಿರುವ ಅಡ್ಡದಾರಿಯನ್ನು ಆ ಮಂಕು ಬೆಳಕು ನಮಗೆ ತೋರಿಸಿಕೊಡುತ್ತದೆ.

ಖಚಿತ ಮಾಡಿಕೊಳ್ಳಲು ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ತಂತಿ ಬಿಚ್ಚಿ ಓಮ್ ನೋಡುವವರುಂಟು. ಒಂದೇ ಎಳೆ ಉಳಿದಿದ್ದರೂ ಮೀಟರು ಸರಿಯಿದೆ ಎನ್ನುತ್ತದೆ, ನನಗದು ಒಪ್ಪಿಗೆಯಿಲ್ಲ. ಪಕ್ಕದ ಮನೆಯವರನ್ನು ಬ್ರೇಕ್ ಒತ್ತಲು ಕೂರಿಸಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದು ಹೋಲ್ಡರಿನ ಅರ್ತಿಗೆ ಇಟ್ಟೆ. ಸೊನ್ನೆಯ ಹತ್ತಿರ ಇರಬೇಕಾದಲ್ಲಿ ಹಲವು ವೋಲ್ಟು! ಸ್ಕ್ರೂ ಬಿಚ್ಚಿ, ಎಮರಿ ಕಾಗದದಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ, ಮೇಲೊಂದಿಷ್ಟು ವ್ಯಾಸಲೀನ್ ಸವರಿದೆ. ಬ್ರೇಕ್ ದೀಪ ಕೆಂಪಗೆ ಉರಿಯಿತು, ಇಂಡಿಕೇಟರ್ ಕಪ್ಪಗೆ ಉಳಿಯಿತು. ಇನ್ನೊಂದು ಬದಿಯ ಸ್ಕ್ರೂವನ್ನೂ ಆಗಲೇ ಬಿಚ್ಚಿದೆ. ಅದೂ ಅದೇ ಮಳೆಯಲ್ಲಿ ನೆನೆದದ್ದಲ್ಲವೇ?