ಒಬ್ಬಳೇ ಶಿಮ್ಲಾಕ್ಕೆ ಹೋಗಿಬಂದೆ

ದೆಹಲಿಗೆ ಬಂದು ಮೂವತ್ತೊಂದು ವರ್ಷವಾಯಿತು. ಹಿಮಾಲಯದ ತಪ್ಪಲು ಇಲ್ಲಿಂದ ಒಂದು ರಾತ್ರಿಯ ಹಾದಿ. ಆದರೂ ನಾನು ಅದನ್ನು ನೋಡಿಯೇ ಇರಲಿಲ್ಲ ಎಂದರೆ ಹೊಸದಾಗಿ ಬಂದವರು ನಗುತ್ತಾರೆ. ಇಲ್ಲಿಯ ಹಳೆಯ ಕನ್ನಡ ಮನೆಗಳವರು ನಗಲಾರರು. ಅವರ ಕಥೆಯೂ ಇದೇ ಅಲ್ಲವೆ? ಬೇಸಗೆ ರಜೆ ಬಂತೆಂದರೆ ಕರ್ನಾಟಕ ಎಕ್ಸ್‌ಪ್ರೆಸ್ಸು. ಸುಮಾರು 2,400 ಕಿಲೋಮೀಟರು, ಎರಡು ರಾತ್ರಿ, ಒಂದೂವರೆ ಹಗಲು. ಬೆಂಗಳೂರಿನಿಂದ ಮತ್ತೊಂದು ರಾತ್ರಿಯ ಬಸ್ಸು, ಆಮೇಲೆ ನಮ್ಮ ಕೊಪ್ಪ. ಕೂಡಿಟ್ಟ ರಜೆಯೂ ಹಣವೂ ಅಲ್ಲಿಗೇ ಸರಿ. ಅತ್ತೆಯ ಮನೆಯಲ್ಲಿ ಹತ್ತು ದಿನ, ತವರಿನಲ್ಲಿ ಹತ್ತು ದಿನ, ನಡುವೆ ಎರಡು ಮದುವೆ, ಒಂದು ಉಪನಯನ. ಹಪ್ಪಳ ಉಪ್ಪಿನಕಾಯಿಗಳ ಗಂಟು ಕಟ್ಟಿಕೊಂಡು ಮರಳಿದರೆ ಮುಂದಿನ ಬೇಸಗೆಯವರೆಗೆ ಬೇರೊಂದು ಊರಿನ ಯೋಚನೆಯೇ ಇಲ್ಲ.

ಕಳೆದ ವರ್ಷ ಅಮ್ಮ ಹೋದಳು. ಅಣ್ಣ ಮನೆಗೆ ಬೀಗ ಹಾಕಿ ಶಿವಮೊಗ್ಗಕ್ಕೆ ಮಗನ ಬಳಿಗೆ ಹೊರಟುಹೋದ. ಅತ್ತೆಯವರು ತೀರಿಕೊಂಡು ಆಗಲೇ ಎಂಟು ವರ್ಷ. ಈ ಸಲ ಬೇಸಗೆ ಬಂತು, ಹೋಯಿತು. ಮನೆಯಲ್ಲಿ ಯಾರೂ ಟಿಕೆಟ್ಟಿನ ಮಾತೆತ್ತಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಸಾಸಿವೆ ಡಬ್ಬಿ ತೆಗೆದು ಎಣಿಸಿದೆ. ನಾಲ್ಕು ಸಾವಿರದ ಚಿಲ್ಲರೆ ಇತ್ತು. ಅಮ್ಮನಿಗೆ ಸೀರೆ, ಔಷಧಿ ಎಂದು ವರ್ಷವಿಡೀ ಕೂಡಿಡುವ ಅಭ್ಯಾಸ. ಕೈ ತಾನಾಗಿಯೇ ಕೂಡಿಟ್ಟಿತ್ತು. ಆ ಸಂಜೆ ಶಿಮ್ಲಾಕ್ಕೆ ಹೋಗಿಬರುತ್ತೇನೆಂದು ಮನೆಯಲ್ಲಿ ಹೇಳಿದೆ. ಮೊಣಕಾಲು ನೋವಿನ ನಮ್ಮವರಿಗೆ ಬೆಟ್ಟವೆಂದರೆ ಆಗದು. “ಒಬ್ಬಳೇ?” ಎಂದರು. ಗುರುಗ್ರಾಮದಲ್ಲಿರುವ ಮಗ, “ಅಮ್ಮಾ, ಕಾರು ಗೊತ್ತುಮಾಡಿ ಒಳ್ಳೆಯ ಹೋಟೆಲಿನಲ್ಲಿ ಕೋಣೆ ಹಿಡಿಯುತ್ತೇನೆ, ಎಲ್ಲರೂ ಹೋಗೋಣ” ಎಂದ. ಮಗನ ಹಣದಲ್ಲಿ ಹೋಗುವುದು ಬೇರೆ, ಡಬ್ಬಿಯ ಹಣದಲ್ಲಿ ಹೋಗುವುದು ಬೇರೆ. ಗಂಡಸರಿಗೆ ಇದನ್ನು ವಿವರಿಸಿ ಪ್ರಯೋಜನವಿಲ್ಲ. “ಬೆಳಿಗ್ಗೆ ಸಂಜೆ ಫೋನು ಮಾಡು” ಎಂಬಲ್ಲಿಗೆ ಮಾತು ನಿಂತಿತು.

ಖರ್ಚು ಹಿಡಿತದಲ್ಲಿರಬೇಕೆನ್ನುವವರಿಗೆ ಒಂದು ಸೂಚನೆ. ಮೇ, ಜೂನಿನಲ್ಲಿ ದೆಹಲಿಯೇ ಎದ್ದು ಬೆಟ್ಟ ಹತ್ತುತ್ತದೆ. ಕೋಣೆಯ ಬಾಡಿಗೆಯೂ ಹತ್ತುತ್ತದೆ. ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ, ಹಬ್ಬವನ್ನೂ ಶನಿವಾರ ಭಾನುವಾರಗಳನ್ನೂ ಬಿಟ್ಟು ಹೋಗಬೇಕು. ಆಕಾಶ ತೊಳೆದಿಟ್ಟಂತಿರುತ್ತದೆ. ನಾನು ಹೊರಟದ್ದು ಒಂದು ಮಂಗಳವಾರ ರಾತ್ರಿ, ಹಳೇ ದೆಹಲಿ ನಿಲ್ದಾಣದಿಂದ. ಐವತ್ತೆಂಟು ತುಂಬಿದ ಹೆಂಗಸರಿಗೆ ಸಿಗುತ್ತಿದ್ದ ಅರ್ಧ ದರದ ಟಿಕೆಟ್ಟು 2020ರ ಮಾರ್ಚಿನಲ್ಲಿ ನಿಂತಿತು. ನನಗೆ ಐವತ್ತೆಂಟು ತುಂಬಿದ್ದು ಅದಾದ ಮೇಲೆ!

ಗಾಡಿ ನೇತಾಜಿ ಎಕ್ಸ್‌ಪ್ರೆಸ್. 2021ರವರೆಗೆ ಇದರ ಹೆಸರು ಕಾಲ್ಕಾ ಮೇಲ್. ಕಲ್ಕತ್ತೆಯಿಂದ ದೆಹಲಿಗೆ 1866ರಲ್ಲಿ ಓಡಲು ತೊಡಗಿ, 1891ರಲ್ಲಿ ಕಾಲ್ಕಾದವರೆಗೆ ಬೆಳೆದದ್ದು. 1941ರ ಜನವರಿಯಲ್ಲಿ ಮನೆಯ ಕಾವಲು ತಪ್ಪಿಸಿಕೊಂಡ ಸುಭಾಷರು ಗೋಮೋ ನಿಲ್ದಾಣದಲ್ಲಿ ಹತ್ತಿದ್ದು ಇದೇ ಗಾಡಿಯನ್ನು. ನಾನೂ ಹಾಗೆಯೇ ತಪ್ಪಿಸಿಕೊಂಡು ಬಂದವಳಂತೆ ಮುಸುಕೆಳೆದು ಮಲಗಿದೆ. ನಿದ್ದೆ ಬರಲಿಲ್ಲ. ಒಬ್ಬಳೇ ರೈಲಿನಲ್ಲಿ ರಾತ್ರಿ ಕಳೆದದ್ದು ಬಾಳಿನಲ್ಲಿ ಅದೇ ಮೊದಲು.

ಕಾಲ್ಕಾದಲ್ಲಿ ಇಳಿದಾಗ ಇನ್ನೂ ಕತ್ತಲು. ಪಕ್ಕದ ಪ್ಲಾಟ್‌ಫಾರಮ್ಮಿನಲ್ಲಿ ಪುಟ್ಟ ರೈಲು ನಿಂತಿತ್ತು. ಹಳಿಗಳ ನಡುವೆ ಎರಡೂವರೆ ಅಡಿ ಮಾತ್ರ ಅಂತರ. ಕಾಯ್ದಿರಿಸದ ಡಬ್ಬಿಗೆ ನೂರರ ನೋಟು ಕೊಟ್ಟರೆ ಚಿಲ್ಲರೆಯೂ ಬಂತು. ಐದಾರು ಗಂಟೆಯ ಹಾದಿ, 96 ಕಿಲೋಮೀಟರು. 1903ರಲ್ಲಿ ತೆರೆದ ಈ ದಾರಿ 2008ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಎದುರಿನ ಇಬ್ಬರು ಹುಡುಗರು ಸುರಂಗಗಳನ್ನು ಎಣಿಸುವ ಪಣ ಕಟ್ಟಿದ್ದರು. ಒಟ್ಟು 102 ಇವೆ, ಆದರೆ ಕೊನೆಯದರ ಮೇಲೆ 103 ಎಂದು ಬರೆದಿದೆ. ನಡುವಿನದೊಂದು ಈಗ ಇಲ್ಲ. ಶಿಮ್ಲಾ ಮುಟ್ಟುವಾಗ ಅವರಿಬ್ಬರಿಗೂ ಜಗಳ ಆಗಿಯೇ ಆಯಿತು.

ಮೂವತ್ತಮೂರನೆಯದು ಬರೋಗ್ ಸುರಂಗ, 1,143 ಮೀಟರು ಉದ್ದ. ಮೂರು ನಿಮಿಷದಷ್ಟು ಕಾಲ ಡಬ್ಬಿಯಲ್ಲಿ ಕಗ್ಗತ್ತಲೆ. ಬರೋಗ್ ಎಂಬ ಎಂಜಿನಿಯರು ಎರಡೂ ಕಡೆಯಿಂದ ಕೊರೆಸಿದನಂತೆ, ಕೊರೆತಗಳು ನಡುವೆ ಕೂಡಲಿಲ್ಲವಂತೆ, ಒಂದು ರೂಪಾಯಿ ದಂಡ ವಿಧಿಸಿದರಂತೆ; ಆ ಅವಮಾನ ತಾಳದೆ ಗುಂಡು ಹಾರಿಸಿಕೊಂಡನೆಂದು ಹೇಳಿಕೆ. ಆಮೇಲೆ ಭಲ್ಕು ಎಂಬ ಓದುಬರಹವಿಲ್ಲದ ಪಹಾಡಿ ಕೋಲಿನಿಂದ ಬೆಟ್ಟವನ್ನು ತಟ್ಟಿ ತಟ್ಟಿ ಹೊಸ ಜಾಡು ತೋರಿಸಿದನೆನ್ನುತ್ತಾರೆ. ಶಿಮ್ಲಾದ ರೈಲು ವಸ್ತುಸಂಗ್ರಹಾಲಯಕ್ಕೆ ಇಂದು ಅವನದೇ ಹೆಸರು.

ಸುರಂಗ ದಾಟಿದೊಡನೆ ನಿಲ್ದಾಣ, ತಿಂಡಿಯ ಹೊತ್ತು. ನಾನು ಚಪಾತಿ, ಚಟ್ನಿಪುಡಿ ಬಿಚ್ಚಿದೆ. ಪಕ್ಕದಲ್ಲಿ ಕುಳಿತಿದ್ದ ಪಹಾಡಿ ಹೆಂಗಸಿಗೂ ಕೊಟ್ಟೆ. ಖಾರಕ್ಕೆ ಕಣ್ಣೀರು ತಂದುಕೊಂಡು ಮತ್ತೊಂದು ಚಿಟಿಕೆ ಕೇಳಿದಳು! ಕಂಡಾಘಾಟಿಗೆ, ತವರಿಗೆ ಹೊರಟವಳು. ಮಡಿಲಲ್ಲಿ ಮಿಠಾಯಿಯ ಪೊಟ್ಟಣ. “ನಿಮ್ಮ ತವರು ಎಲ್ಲಿ, ಬೆಹೆನ್‌ಜಿ?” ಎಂದಳು. “ಕರ್ನಾಟಕ್ ಮೇ ಥಾ” ಎಂದೆ. ಮೂವತ್ತೊಂದು ವರ್ಷದಲ್ಲಿ ನನ್ನ ಹಿಂದಿಯಲ್ಲಿ ಲಿಂಗ ತಪ್ಪುತ್ತದೆ, ಕಾಲ ತಪ್ಪುವುದಿಲ್ಲ. ಆಕೆಗೂ ಅದು ತಿಳಿಯಿತು. ಮುಂದೆ ಏನೂ ಕೇಳಲಿಲ್ಲ. ಕಂಡಾಘಾಟಿನಲ್ಲಿ ಇಳಿಯುವಾಗ ತನ್ನ ಚೀಲದಿಂದ ಎರಡು ಹಿಡಿ ಅಖ್ರೋಟು ತೆಗೆದು ನನ್ನ ಸೆರಗಿಗೆ ಸುರಿದಳು. ನಾನು ಚಟ್ನಿಪುಡಿಯ ಡಬ್ಬಿಯಲ್ಲಿದ್ದುದನ್ನೆಲ್ಲ ಕಾಗದದಲ್ಲಿ ಕಟ್ಟಿ ಅವಳ ಕೈಗಿಟ್ಟೆ.

ಶಿಮ್ಲಾ ನಿಲ್ದಾಣದ ಫಲಕದಲ್ಲಿ ಎತ್ತರ ಬರೆದಿದೆ, 2,076 ಮೀಟರು. ನಮ್ಮ ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ ಸುಮಾರು 1,930. ಅಂದರೆ ಇಲ್ಲಿಯ ಪ್ಲಾಟ್‌ಫಾರಮ್ಮೇ ಅದಕ್ಕಿಂತ ಎತ್ತರ! ಚಿಕ್ಕಮಗಳೂರು ಜಿಲ್ಲೆಯವಳಾದ ನನಗೆ ಇದು ಅಷ್ಟು ಹಿತವಾಗಲಿಲ್ಲ. ನಮ್ಮ ಬೆಟ್ಟಗಳು ಹಸುರು, ಒದ್ದೆ, ಮೈತುಂಬ ಬಳ್ಳಿ. ಇಲ್ಲಿಯವು ನೆಟ್ಟಗೆ ನಿಂತ ದೇವದಾರುಗಳ ಗಂಭೀರ ಬೆಟ್ಟಗಳು. ಆದರೆ ಕುಸಿಯುವ ದುಃಖ ಎರಡಕ್ಕೂ ಒಂದೇ. 2023ರ ಆಗಸ್ಟಿನ ಮಳೆಯಲ್ಲಿ ಸಮ್ಮರ್ ಹಿಲ್ ಬಳಿ ಗುಡ್ಡ ಜರಿದು ಶಿವಾಲಯ ಕೊಚ್ಚಿಹೋಯಿತು, ರೈಲು ಹಳಿ ಗಾಳಿಯಲ್ಲಿ ತೂಗಿತು. ಆ ಜಾಗ ಬಂದಾಗ ಡಬ್ಬಿಯಲ್ಲಿದ್ದವರು ಕೈಮುಗಿದರು. 2018ರ ಕೊಡಗು ನೆನಪಾಯಿತು. ಇಳಿಜಾರಿನ ಮೇಲೆ ಆರೇಳು ಅಂತಸ್ತು ಕಟ್ಟಿರುವುದನ್ನು ನೋಡಿದರೆ ಭಯವಾಗುತ್ತದೆ.

ಇಳಿದುಕೊಂಡದ್ದು ಕಾಳಿಬಾಡಿಯಲ್ಲಿ. ಬೇಸಗೆಯಲ್ಲಿ ಸರಕಾರದೊಡನೆ ಕಲ್ಕತ್ತೆಯಿಂದ ಬೆಟ್ಟ ಹತ್ತುತ್ತಿದ್ದ ಬಂಗಾಳಿ ಗುಮಾಸ್ತರ ದೇವಸ್ಥಾನ. ಶ್ಯಾಮಲಾ ದೇವಿ ಇಲ್ಲಿದ್ದಾಳೆ. ಊರಿಗೆ ಹೆಸರು ಬಂದದ್ದು ಅವಳಿಂದಲೇ ಎನ್ನುತ್ತಾರೆ. ಕೋಣೆ ಸಾದಾ, ಬಾಡಿಗೆ ಕಡಿಮೆ, ಒಂಟಿ ಹೆಂಗಸಿಗೆ ನಿರ್ಭಯ. ಬಂಗಾಳಿಗಳು ಹೋದಲ್ಲೆಲ್ಲ ಮೊದಲು ಕಟ್ಟುವುದು ಕಾಳಿಯ ಗುಡಿಯನ್ನು, ಅದರ ಪಕ್ಕದಲ್ಲಿ ನಾಲ್ಕು ಕೋಣೆಗಳನ್ನು. ನಾವು ಹೋದಲ್ಲೆಲ್ಲ ಸಂಘ ಕಟ್ಟುತ್ತೇವೆ. ಕೋಣೆಗಳ ಮಾತು ಮಹಾಸಭೆಯಲ್ಲಿ ಬಂದು ಹೋಗುತ್ತದೆ.

ಮರುದಿನ ಬೆಳಿಗ್ಗೆ ಜಾಖೂ ಬೆಟ್ಟ ಹತ್ತಿದೆ. ಎತ್ತರ 2,455 ಮೀಟರು. ತೂಗುತೊಟ್ಟಿಲ ದಾರಿ ಇದೆ, ಆದರೆ ಅದರ ದರ ಡಬ್ಬಿಗೆ ಒಗ್ಗುವಂಥದಲ್ಲ. ಬಾಡಿಗೆಗೆ ಒಂದು ಕೋಲು ಹಿಡಿದು ನಡೆದೆ. ಸಂಜೀವಿನಿ ತರಲು ಹೊರಟ ಹನುಮಂತ ಇಲ್ಲಿ ಕಾಲೂರಿದನೆಂದು ಸ್ಥಳಪುರಾಣ. 2010ರಲ್ಲಿ ನಿಲ್ಲಿಸಿದ 108 ಅಡಿಯ ಮೂರ್ತಿ ಊರಿಗೆಲ್ಲ ಕಾಣುತ್ತದೆ. ಅಂಗಳದಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದೆ. ಹೆಗಲ ಮೇಲೆ ಏನೋ ಕುಳಿತಂತಾಯಿತು, ಕನ್ನಡಕ ಹೋಯಿತು! ಕೋಲು ಕೈಯಲ್ಲೇ ಇತ್ತು. ಕಪಿ ಮೇಲಿನ ಕೊಂಬೆಯಲ್ಲಿ ಕುಳಿತು ನನ್ನ ಕನ್ನಡಕದ ಕಾಲನ್ನು ಕಚ್ಚಿ ರುಚಿ ನೋಡುತ್ತಿತ್ತು. ಪ್ರಸಾದ ಮಾರುವ ಹುಡುಗ ಕಡಲೆಯ ಪೊಟ್ಟಣ ಎಸೆದ, ಕಪಿ ಕನ್ನಡಕ ಬಿಸಾಡಿತು. ಐವತ್ತು ರೂಪಾಯಿ. ಕಿಷ್ಕಿಂಧೆ ಇರುವುದು ನಮ್ಮ ನಾಡಿನಲ್ಲೇ ಎಂದು ಹೇಳಿ ರಿಯಾಯಿತಿ ಕೇಳಬೇಕೆಂದಿದ್ದೆ, ಅಷ್ಟು ಹಿಂದಿ ಆ ಹೊತ್ತಿಗೆ ಒದಗಲಿಲ್ಲ.

ಕನ್ನಡಕ ಇಲ್ಲದಾಗ ಉತ್ತರದ ಅಂಚಿನಲ್ಲಿ ಬಿಳಿಯ ಮೋಡದ ಸಾಲೊಂದು ಕಂಡಿತ್ತು. ಒರೆಸಿ ಹಾಕಿಕೊಂಡು ನೋಡಿದರೆ ಅದಕ್ಕೆ ಅಂಚುಗಳಿದ್ದವು, ಮೂಲೆಗಳಿದ್ದವು. ಮೋಡ ಸರಿಯುತ್ತದೆ, ಅದು ಸರಿಯಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ. ಅಮ್ಮನಿಗೆ ಹೇಳಬೇಕೆಂದು ಕೈ ಚೀಲದೊಳಗೆ ಹೋಗಿ ಫೋನನ್ನು ಹಿಡಿದೂ ಬಿಟ್ಟಿತ್ತು. ಆಮೇಲೆ ನಮ್ಮವರಿಗೆ ಮಾಡಿದೆ. “ತಿಂಡಿ ಆಯಿತೆ?” ಎಂದರು.

ಮಧ್ಯಾಹ್ನ ವೈಸ್‌ರಾಯರ ಹಳೆಯ ಅರಮನೆ ನೋಡಿದೆ. 1888ರ ಕಟ್ಟಡ. 1945ರ ಶಿಮ್ಲಾ ಸಮ್ಮೇಳನ ನಡೆದದ್ದು ಇಲ್ಲಿಯೇ. ರಾಷ್ಟ್ರಪತಿ ರಾಧಾಕೃಷ್ಣನ್ನರು ಇಷ್ಟು ದೊಡ್ಡ ಮನೆಯನ್ನು ವಿದ್ವಾಂಸರಿಗೆ ಬಿಟ್ಟುಕೊಟ್ಟರು. 1965ರ ಅಕ್ಟೋಬರಿನಲ್ಲಿ ಉನ್ನತ ಅಧ್ಯಯನ ಸಂಸ್ಥೆ ಆರಂಭವಾಯಿತು. 1921ರಲ್ಲಿ ಮೈಸೂರು ಬಿಟ್ಟು ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆ ಬಿಚ್ಚಿ ತಾವೇ ನಿಲ್ದಾಣದವರೆಗೆ ಎಳೆದರಲ್ಲ, ಅದೇ ಮೇಷ್ಟ್ರು. ಮಾಲ್ ರಸ್ತೆಯ ಬಗ್ಗೆ ಬರೆಯುವಂಥದೇನಿಲ್ಲ. ಕನಾಟ್ ಪ್ಲೇಸನ್ನು ಎತ್ತಿ ಬೆಟ್ಟದ ಮೇಲಿಟ್ಟರೆ ಹಾಗಿರುತ್ತದೆ. ಅದರ ಕೆಳಗಿನ ಲೋವರ್ ಬಜಾರಿನಲ್ಲಿ ಬಿಸಿ ಅನ್ನ, ರಾಜ್ಮಾ ಅಗ್ಗವೂ ಹೌದು, ರುಚಿಯೂ ಹೌದು. ಧರ್ಮಪುರದಲ್ಲಿ ಇಳಿದು ಕಸೌಲಿಗೂ ಹೋಗಬೇಕೆಂದಿತ್ತು. ನಮ್ಮ ಕಡೆ ಹುಚ್ಚುನಾಯಿ ಕಚ್ಚಿದವರನ್ನು ಕೂನೂರಿಗೆ ಕಳಿಸುತ್ತಿದ್ದ ಹಾಗೆ ಈ ಕಡೆಯವರನ್ನು ಕಳಿಸುತ್ತಿದ್ದ ಊರು ಅದು. ದೇಶದ ಮೊದಲ ಪಾಸ್ಚರ್ ಸಂಸ್ಥೆ 1900ರಲ್ಲಿ ತೆರೆದದ್ದು ಅಲ್ಲಿ. ಆದರೆ ಕಾಲು ಒಲ್ಲೆನೆಂದಿತು.

ಶುಕ್ರವಾರ ಬೆಳಿಗ್ಗೆ ಮನೆ ಸೇರಿದೆ. ಎಲ್ಲ ಸೇರಿ ಖರ್ಚು 3,310 ರೂಪಾಯಿ, ಕಪಿಯ ಐವತ್ತೂ ಸೇರಿ. ಉಳಿದದ್ದು ಡಬ್ಬಿಗೆ ಹೋಯಿತು. ನಮ್ಮವರು ಕಾಫಿ ಮಾಡಿಟ್ಟಿದ್ದರು. ಅಖ್ರೋಟು ನೋಡಿ ಅಮ್ಮನ ಮನೆಯಿಂದ ತಂದ ಅಡಕತ್ತರಿ ಹಿಡಿದು ಕುಳಿತರು. ಅಡಕೆ ಕತ್ತರಿಸುವ ಕತ್ತರಿಗೆ ಅದೆಲ್ಲಿ ಬಗ್ಗುತ್ತದೆ? ಎರಡು ಸಲ ಜಾರಿ ಸೋಫಾದ ಕೆಳಗೆ ಓಡಿತು. ಕೊನೆಗೆ ಕುಟ್ಟಾಣಿ ತಂದುಕೊಟ್ಟೆ.